ನುಗ್ಗೇಹಳ್ಳಿಯ ಮೌದ್ಗಲರೂ ಗಂಡಸಿನ ಹಾರ್ಮೋನೂ

ಬೀಜ ಒಡೆಸಿದ ಹೋರಿ ಎತ್ತಾಗುತ್ತದೆ. ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಳ್ಳಿಕಾರ್ ಮತ್ತು ಅಮೃತಮಹಲ್ ದನಗಳ ಸೀಮೆ ಇದು. ತಿಪಟೂರಿನ ಮಗ್ಗುಲಲ್ಲೇ ಕೊನೇಹಳ್ಳಿಯ ತಳಿ ಸಂವರ್ಧನಾ ಕೇಂದ್ರವಿದೆ. ಕರುವಾಗಿದ್ದಾಗಲೇ ಬೀಜ ಒಡೆಸಿದರೆ ಕಾಲು ಉದ್ದಕ್ಕೆ ಬೆಳೆಯುತ್ತದೆ, ಹಿಣಿಲು ಏಳುವುದಿಲ್ಲ, ಕತ್ತು ತುಂಬುವುದಿಲ್ಲ. ಹಲ್ಲು ಹಾಕುವ ತನಕ ಕಾದು ಆಮೇಲೆ ಒಡೆಸಿದರೆ ಹೋರಿಯ ಮೈಕಟ್ಟು ಉಳಿದು, ಹಾಯುವ ಬುದ್ಧಿ ಮಾತ್ರ ಹೋಗುತ್ತದೆ. ಗಂಡು ಮೈಯನ್ನು ಗಂಡಾಗಿಸುವುದು ಆ ಎರಡು ಬೀಜಗಳೇ ಎಂಬುದು ಹೀಗೆ ಎಲ್ಲರ ಕಣ್ಣೆದುರಿಗೇ ಇತ್ತು. ಅವು ಆ ಕೆಲಸವನ್ನು ಹೇಗೆ ಮಾಡುತ್ತವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಮೊದಲು ಕೆದಕಿ ನೋಡಿದವನು ಜರ್ಮನಿಯ ಗಟಿಂಗೆನ್ ಊರಿನ ಆರ್ನೋಲ್ಡ್ ಬರ್ಟೋಲ್ಡ್. ಅದು 1849. ಆಗ ಮೈಸೂರು ಸೀಮೆಯನ್ನು ಬೆಂಗಳೂರಿನಲ್ಲಿ ಕೂತು ಮಾರ್ಕ್ ಕಬ್ಬನ್ ಆಳುತ್ತಿದ್ದ. ಬರ್ಟೋಲ್ಡ್ ಆರು ಹುಂಜದ ಮರಿ ಹಿಡಿದು ಬೀಜ ತೆಗೆದ. ಕೆಲವನ್ನು ಹಾಗೇ ಬಿಟ್ಟ. ಅವುಗಳ ಜುಟ್ಟು ಬಾಡಿತು, ಅವು ಕೂಗಲಿಲ್ಲ, ಜಗಳಕ್ಕೆ ಬೀಳಲಿಲ್ಲ, ಹೇಂಟೆಯ ಹಿಂದೆ ಹೋಗಲಿಲ್ಲ. ಉಳಿದವುಗಳ ಹೊಟ್ಟೆಯೊಳಗೆ, ಇರಬೇಕಾದ ಜಾಗ ಬಿಟ್ಟು ಬೇರೆ ಕಡೆ, ಒಂದು ಬೀಜವನ್ನು ಇಟ್ಟು ಹೊಲಿದ. ಇವು ಹುಂಜಗಳಂತೆಯೇ ಬೆಳೆದವು, ಕೂಗಿದವು. ಕತ್ತರಿಸಿದ ನರ ಮತ್ತೆ ಕೂಡಿಕೊಂಡಿರಲಿಲ್ಲ. ಹಾಗಾದರೆ ಬೀಜದಿಂದ ಏನೋ ಒಂದು ರಕ್ತಕ್ಕೆ ಸೇರಿ ಇಡೀ ಮೈಯನ್ನು ತಲುಪುತ್ತಿದೆ ಎಂದು ಆತ ಬರೆದ. ಕೆಲವೇ ಪುಟಗಳ ಆ ಲೇಖನವನ್ನು ಬಹಳ ಕಾಲ ಯಾರೂ ತಿರುವಿ ನೋಡಲಿಲ್ಲ.

ನಲವತ್ತು ವರ್ಷದ ಮೇಲೆ ಸುದ್ದಿಯಾದದ್ದು ಇನ್ನೊಬ್ಬರ ಪ್ರಯೋಗ. 1889ರ ಜೂನ್ 1ರಂದು ಪ್ಯಾರಿಸಿನ ವಿದ್ವಾಂಸರ ಸಭೆಯಲ್ಲಿ 72 ವರ್ಷದ ಶಾರ್ಲ್ ಬ್ರೌನ್-ಸೆಕಾರ್ ಎದ್ದು ನಿಂತು, ನಾಯಿ ಮತ್ತು ಗಿನಿಯಿಲಿಯ ಬೀಜ ಅರೆದು ತೆಗೆದ ರಸವನ್ನು ತನ್ನ ಮೈಗೇ ಚುಚ್ಚಿಕೊಂಡಿದ್ದಾಗಿ ಹೇಳಿದರು. ದೊಡ್ಡ ಶರೀರಶಾಸ್ತ್ರಜ್ಞ ಅವರು, ಬೆನ್ನುಹುರಿಯ ಬಗ್ಗೆ ಅವರು ಮಾಡಿದ ಕೆಲಸ ಇಂದಿಗೂ ಪಾಠದಲ್ಲಿದೆ. ರಸದಿಂದ ಹತ್ತಿಪ್ಪತ್ತು ವರ್ಷ ಕಿರಿಯನಾದಂತಿದೆ, ಮೆಟ್ಟಿಲು ಓಡಿ ಹತ್ತುತ್ತೇನೆ ಎಂದರು. ಯುರೋಪಿನಲ್ಲಿ, ಅಮೆರಿಕದಲ್ಲಿ ಜನ ಮುಗಿಬಿದ್ದರು. ನೀರಿನಲ್ಲಿ ಅರೆದ ಆ ರಸದಲ್ಲಿ ನಿಜವಾದ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆ; 2002ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಅದೇ ಕ್ರಮದಲ್ಲಿ ರಸ ತೆಗೆದು ಅಳೆದು ಇದನ್ನು ತೋರಿಸಿದರು. ಮುದುಕರಿಗೆ ಬಂದ ಹುರುಪು ನಂಬಿಕೆಯಿಂದ ಬಂದದ್ದು.

ನಮ್ಮಲ್ಲಿ ಈ ನಂಬಿಕೆ ಇನ್ನೂ ಹಳೆಯದು. ಸುಶ್ರುತ ಸಂಹಿತೆಯ ವಾಜೀಕರಣ ಭಾಗದಲ್ಲಿ ಹೋತದ ಬೀಜವನ್ನು ಹಾಲಿನಲ್ಲಿ ಬೇಯಿಸುವ ಕ್ರಮವಿದೆ. ಅದನ್ನು ಬರೆದವರ ಊಹೆ ಸರಿಯಿತ್ತು, ಶಕ್ತಿಯ ಮೂಲ ಬೀಜದಲ್ಲೇ ಇದೆ ಎಂದು ಅವರು ಗುರುತಿಸಿದ್ದರು. ಎರಡು ಸಂಗತಿ ಮಾತ್ರ ಅವರಿಗೆ ಕಾಣುವಂತಿರಲಿಲ್ಲ. ಬೀಜವು ತಾನು ಮಾಡಿದ ಹಾರ್ಮೋನನ್ನು ಕೂಡಿಡುವುದಿಲ್ಲ, ಆಗಿಂದಾಗಲೇ ರಕ್ತಕ್ಕೆ ಬಿಟ್ಟುಬಿಡುತ್ತದೆ. ಬಾಯಿಂದ ಒಳಗೆ ಹೋದದ್ದನ್ನು ಈಲಿ ಅಲ್ಲೇ ಮುರಿದುಹಾಕುತ್ತದೆ. ಮಟನ್ ಅಂಗಡಿಯಲ್ಲಿ ಬೀಜವನ್ನೇ ಕೇಳಿ ತರುವವರು ಇವತ್ತಿಗೂ ಇದ್ದಾರೆ. ಒಳ್ಳೆಯ ಮಾಂಸ, ತಿನ್ನಲಿ. ಗಂಡಸಿನ ಹಾರ್ಮೋನಿಗೂ ಆ ಸಾರಿಗೂ ಸಂಬಂಧವಿಲ್ಲ.

1920ರಲ್ಲಿ ಪ್ಯಾರಿಸಿನ ಸರ್ಜ್ ವೊರೊನಾಫ್ ಕೋತಿ ಜಾತಿಯ ಪ್ರಾಣಿಗಳ ಬೀಜದ ಚೂರನ್ನು ಹಣವಂತ ಮುದುಕರಿಗೆ ಕಸಿ ಮಾಡಲು ತೊಡಗಿದ. ಅದು ಕೂಡದೆ ಕೊಳೆಯುತ್ತಿತ್ತು. 1930ರ ದಶಕಕ್ಕೆ ಬರ್ಲಿನ್ನಿನ ಹಾರ್ಮೋ-ಫಾರ್ಮಾ ಕಂಪನಿಯ ‘ಓಕಾಸಾ’ ಮಾತ್ರೆಯ ಜಾಹೀರಾತು ಭಾರತದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಗಂಡಸರಿಗೆ ಬೆಳ್ಳಿಯ ಮಾತ್ರೆ, ಹೆಂಗಸರಿಗೆ ಚಿನ್ನದ್ದು. ಗಂಡು ಹಾರ್ಮೋನು ಎಂಬ ಮಾತು ಔಷಧಕ್ಕಿಂತ ಮೊದಲು ಜಾಹೀರಾತಾಗಿ ನಮ್ಮ ದೇಶದ ಮನೆಗಳನ್ನು ಹೊಕ್ಕಿತು. ಗಂಡಸಿನ ನಾಚಿಕೆಯ ಮೇಲೆ ನಡೆಯುವ ವ್ಯಾಪಾರ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ‘ಗುಪ್ತರೋಗ’ದ ಚೀಟಿಯೂ, ಹೆದ್ದಾರಿ ಪಕ್ಕದ ಗುಡಾರದ ಗಿಡಮೂಲಿಕೆ ಡಬ್ಬಿಯೂ ಆ ವಂಶದವೇ.

ನಿಜವಾದ ಕೆಲಸ ಬೇರೆಡೆ ನಡೆದಿತ್ತು. 1927ರಲ್ಲಿ ಷಿಕಾಗೊದ ಫ್ರೆಡ್ ಕಾಕ್ ಮತ್ತು ಅವರ ವಿದ್ಯಾರ್ಥಿ ಲೆಮ್ಯುಯಲ್ ಮೆಗೀ, ಆ ಊರಿನ ಕಸಾಯಿಖಾನೆಯಿಂದ ಹೋರಿಯ ಬೀಜಗಳನ್ನು ತಂದು ಕೊಬ್ಬಿನಲ್ಲಿ ಕರಗುವ ಒಂದು ಸಾರ ತೆಗೆದರು. ಬೀಜ ಒಡೆದ ಹುಂಜಕ್ಕೆ ಅದನ್ನು ಚುಚ್ಚಿದರೆ ಜುಟ್ಟು ಮತ್ತೆ ಕೆಂಪಾಗಿ ನಿಲ್ಲುತ್ತಿತ್ತು. 1931ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಪೊಲೀಸರ ಸಾವಿರಾರು ಲೀಟರ್ ಮೂತ್ರ ಕೂಡಿಸಿ, ಅದರಿಂದ 15 ಮಿಲಿಗ್ರಾಂ ಗಂಡು ಹಾರ್ಮೋನಿನ ಹರಳು ಪಡೆದರು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ಅವರ ತಂಡ 100 ಕಿಲೊ ಹೋರಿ ಬೀಜದಿಂದ 10 ಮಿಲಿಗ್ರಾಂ ಅಸಲು ಹಾರ್ಮೋನು ತೆಗೆದು ಟೆಸ್ಟೋಸ್ಟಿರಾನ್ ಎಂದು ಹೆಸರಿಟ್ಟಿತು. ಆರೋಗ್ಯವಂತ ಗಂಡಸಿನ ಮೈ ದಿನಕ್ಕೆ ಐದಾರು ಮಿಲಿಗ್ರಾಂ ಮಾಡುತ್ತದೆ. ಅಂದರೆ ಆ 100 ಕಿಲೊದಲ್ಲಿ ಸಿಕ್ಕಿದ್ದು ಒಬ್ಬ ಗಂಡಸಿನ ಎರಡು ದಿನದ ಪಾಲು. ಹೋತದ ಬೀಜದ ಮದ್ದಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಅದೇ ವರ್ಷ ಬುಟೆನಾಂಟರೂ, ಜ್ಯೂರಿಕ್‌ನ ಲಿಯೊಪೋಲ್ಡ್ ರುಝೀಚ್ಕಾ ಅವರೂ ಬೇರೆ ಬೇರೆಯಾಗಿ ಕೊಲೆಸ್ಟ್ರಾಲ್‌ನಿಂದ ಟೆಸ್ಟೋಸ್ಟಿರಾನ್ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಬಂತು. ಹಿಟ್ಲರನ ಸರ್ಕಾರ ಬುಟೆನಾಂಟರಿಗೆ ಅದನ್ನು ತೆಗೆದುಕೊಳ್ಳಲು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ, 1949ರಲ್ಲಿ ಪ್ರಶಸ್ತಿಪತ್ರ ಅವರ ಕೈಸೇರಿತು.

ಚಿಕಿತ್ಸೆ ಶುರುವಾದದ್ದು 1937ರ ಹೊತ್ತಿಗೆ. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ, ವಯಸ್ಸಿಗೆ ಬಂದರೂ ಗಂಡು ಲಕ್ಷಣ ಮೂಡದಿದ್ದ 27 ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬನಿಗೆ ಈ ಹಾರ್ಮೋನು ಕೊಟ್ಟು, ಆದ ಬದಲಾವಣೆಗಳನ್ನು ಬರೆದಿಟ್ಟ. 1942ರಲ್ಲಿ ಬಾಸ್ಟನ್ನಿನ ಹ್ಯಾರಿ ಕ್ಲೈನ್‌ಫೆಲ್ಟರ್ ಒಂಬತ್ತು ಗಂಡಸರ ವಿವರ ಪ್ರಕಟಿಸಿದರು: ಎದೆ ಬೆಳೆದಿದೆ, ಬೀಜ ಸಣ್ಣದು ಮತ್ತು ಗಟ್ಟಿ, ವೀರ್ಯದಲ್ಲಿ ವೀರ್ಯಾಣು ಇಲ್ಲ. ಇಂಥವರಲ್ಲಿ ಹಲವರಿಗೆ ಕಾಲು ಉದ್ದ. ಹಲ್ಲು ಹಾಕುವ ಮೊದಲೇ ಬೀಜ ಒಡೆಸಿದ ಕರುವಿನ ಕಾಲು ಬೆಳೆಯುವುದಕ್ಕೂ ಇದಕ್ಕೂ ಸ್ವಲ್ಪ ಮಟ್ಟಿಗೆ ಕಾರಣ ಒಂದೇ. ಹಾರ್ಮೋನು ಸಾಲದಿದ್ದರೆ ಎಲುಬಿನ ತುದಿ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವುದರಿಂದ ಹೀಗಾಗುತ್ತದೆ ಎಂದು 1959ರಲ್ಲಿ ಗೊತ್ತಾಯಿತು. ಆರೇಳು ನೂರು ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ, ನಮ್ಮ ಹೋಬಳಿಗಳಲ್ಲೂ ಇದ್ದೇ ಇರಬೇಕು. ಬಹಳ ಮಂದಿ ಮದುವೆಯಾಗಿ, ಮಕ್ಕಳಾಗಲಿಲ್ಲವೆಂದು ಹೆಂಡತಿಗೆ ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸಿ, ಹರಕೆ ಹೊತ್ತು, ಕಡೆಗೆ ಎಂದೋ ಒಂದು ದಿನ ಗಂಡನ ವೀರ್ಯ ಪರೀಕ್ಷೆಗೆ ಒಪ್ಪಿದಾಗ ಇದು ಹೊರಬೀಳುತ್ತದೆ. ಆ ಹೆಣ್ಣುಮಕ್ಕಳು ಅಷ್ಟು ವರ್ಷ ‘ಬಂಜೆ’ ಅನ್ನಿಸಿಕೊಂಡದ್ದಕ್ಕೆ ಲೆಕ್ಕ ಕೊಡುವವರಿಲ್ಲ.

1944ರಲ್ಲಿ ಹೆಲ್ಲರ್ ಮತ್ತು ಮೈಯರ್ಸ್ ಎಂಬ ವೈದ್ಯರು ಮಾಡಿದ ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ. ನಡುವಯಸ್ಸು ದಾಟಿ ‘ಸುಸ್ತು, ಆಸೆಯಿಲ್ಲ, ಕೈಲಾಗುವುದಿಲ್ಲ’ ಎಂದು ಬಂದವರ ಮೂತ್ರದಲ್ಲಿ, ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಹಾರ್ಮೋನನ್ನು ಅವರು ಅಳೆದರು. ಬೀಜ ನಿಜವಾಗಿ ಸೋತಿದ್ದರೆ ಪಿಟ್ಯೂಟರಿ ಅದನ್ನು ಎಬ್ಬಿಸಲು ತನ್ನ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಹಾಗೆ ಜಾಸ್ತಿಯಾದವರಿಗೆ ಟೆಸ್ಟೋಸ್ಟಿರಾನ್ ಕೊಟ್ಟರೆ ಗುಣ ಕಂಡಿತು. ಉಳಿದವರಿಗೆ ಎಷ್ಟು ಕೊಟ್ಟರೂ ಪ್ರಯೋಜನವಾಗಲಿಲ್ಲ. ಅವರ ಕಷ್ಟ ಮನಸ್ಸಿನದು, ಇಲ್ಲವೇ ಬೇರೆ ಕಾಯಿಲೆಯದು. ಸುಸ್ತೆಲ್ಲ ಹಾರ್ಮೋನಿನ ಸುಸ್ತಲ್ಲ ಎಂದು ಎಂಬತ್ತು ವರ್ಷದ ಹಿಂದೆಯೇ ಅಳೆದು ತೋರಿಸಿದ್ದರು.

ಅಷ್ಟರಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಿಂದ ಟೆಸ್ಟೋಸ್ಟಿರಾನ್‌ನಂಥ ಸ್ಟೀರಾಯ್ಡ್ ಹಾರ್ಮೋನು ಮಾಡುವ ದಾರಿ ಕಂಡುಹಿಡಿದದ್ದರಿಂದ ಬೆಲೆ ಇಳಿಯಿತು. ಮುಂದೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಆ ಜಾತಿಯ ಗೆಣಸು ಬೆಳೆದು ‘ಅರ್ಕಾ ಉಪಕಾರ್’ ಎಂಬ ತಳಿ ಬಿಟ್ಟರು. ತೆಂಗು, ಅಡಕೆ, ಮಾವು ಬಿಟ್ಟು ಹಾರ್ಮೋನಿಗೆಂದೇ ಒಂದು ಬೆಳೆ ನಮ್ಮ ನೆಲದಲ್ಲಿತ್ತು ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ.

ಇನ್ನು ನಮ್ಮ ಸೀಮೆಯ ಮನುಷ್ಯನ ವಿಷಯ. ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನುಗ್ಗೇಹಳ್ಳಿ ಸಿಗುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯಿರುವ ಊರು. ಆ ಊರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು ನುಗ್ಗೇಹಳ್ಳಿ ರಘುವೀರ ಮೌದ್ಗಲ್. 1931ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವಲ್ಲಿ, ಬಾಳಿನ ಬಹುಪಾಲು ಕೆಲಸ ಮಾಡಿದರು. ಅಲ್ಲಿನ ಪ್ರೈಮೇಟ್ ಪ್ರಯೋಗಾಲಯ ಕಟ್ಟಿದವರು ಅವರೇ. 1976ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. 2011ರಲ್ಲಿ ತೀರಿಕೊಂಡರು.

ಅವರ ಕೆಲಸದ ಬೇರು ಕ್ಯಾಲಿಫೋರ್ನಿಯಾದಲ್ಲಿತ್ತು. ಬರ್ಕ್ಲಿಯ ಚೊ ಹಾವ್ ಲೀ ಪಿಟ್ಯೂಟರಿ ಹಾರ್ಮೋನುಗಳನ್ನು ಶುದ್ಧ ಮಾಡುವುದರಲ್ಲಿ ಜಗತ್ತಿಗೇ ದೊಡ್ಡವರು. ಕುರಿಯ ಪಿಟ್ಯೂಟರಿಯಿಂದ ತೆಗೆದ ಹಾರ್ಮೋನಿಗೆ ಎದುರಾಗಿ ಪ್ರತಿಕಾಯ ಬೆಳೆಸುವ ಬಗ್ಗೆ ಲೀ ಮತ್ತು ಮೌದ್ಗಲ್ 1961ರಲ್ಲಿ ಒಟ್ಟಿಗೆ ಬರೆದರು. ಇದರ ಹುರುಳು ಇಷ್ಟು. ಮಿದುಳಿನ ಬುಡದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯೂಟರಿ ಗ್ರಂಥಿಯಿದೆ. ಅದು ಬೀಜಕ್ಕೆ ಎರಡು ಹಾರ್ಮೋನು ಕಳಿಸುತ್ತದೆ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಗ್ರಂಥಿಯನ್ನೇ ಕಿತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ, ಯಾವುದರ ಕೆಲಸ ಯಾವುದು ಎಂದು ತಿಳಿಯುವುದಿಲ್ಲ. ಪ್ರತಿಕಾಯ ಕೊಟ್ಟರೆ ಒಂದನ್ನು ಮಾತ್ರ ಕಟ್ಟಿಹಾಕಿ, ಇನ್ನೊಂದನ್ನು ಓಡಾಡಲು ಬಿಟ್ಟು, ಕೆಟ್ಟದ್ದು ಏನೆಂದು ನೋಡಬಹುದು. ಮೌದ್ಗಲ್ ಇದನ್ನು ಹಿಡಿದು ಬೆಂಗಳೂರಿನಲ್ಲಿ ದಶಕಗಳ ಕಾಲ ಕೂತರು.

ಅವರು ಆರಿಸಿಕೊಂಡ ಪ್ರಾಣಿ ನಮ್ಮ ಕೋತಿ. ನೆತ್ತಿಯ ಮೇಲಿನ ಕೂದಲು ಟೋಪಿಯ ಹಾಗೆ ಹರಡಿರುವ, ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ, ನೊಣವಿನಕೆರೆ ತೋಟಗಳಲ್ಲಿ ಎಳನೀರು ಕಿತ್ತು ಹಾಳುಮಾಡುವ ಅದೇ ಕೋತಿ. ಬಾನೆಟ್ ಮಕಾಕ್ ಎಂದು ವಿಜ್ಞಾನದವರು ಕರೆಯುತ್ತಾರೆ. 1976ರಲ್ಲಿ ಮೌದ್ಗಲ್ ಮತ್ತು ಜೊತೆಗಾರರು ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಈ ಗಂಡು ಕೋತಿಗಳ ರಕ್ತದ ಟೆಸ್ಟೋಸ್ಟಿರಾನ್ ಹಗಲು ರಾತ್ರಿ ಏರಿಳಿಯುವ ಬಗ್ಗೆ. ಬೆಳಿಗ್ಗೆ ತೆಗೆದ ರಕ್ತಕ್ಕಿಂತ ರಾತ್ರಿ ತೆಗೆದ ರಕ್ತದಲ್ಲಿ ಅದು ಎಷ್ಟೋ ಹೆಚ್ಚು. ಮನುಷ್ಯನಲ್ಲಿ ಉಲ್ಟಾ, ಬೆಳಗಿನ ಜಾವಕ್ಕೆ ಹೆಚ್ಚು, ಸಂಜೆಗೆ ಕಡಿಮೆ. ತಿಪಟೂರಿನ ಲ್ಯಾಬಿಗೆ ಮಧ್ಯಾಹ್ನ ಊಟ ಮುಗಿಸಿ ಹೋಗಿ ರಕ್ತ ಕೊಟ್ಟು ‘ಕಡಿಮೆ ಇದೆ’ ಎಂಬ ರಿಪೋರ್ಟ್ ತಂದವನು ಇದನ್ನು ತಿಳಿದಿರಬೇಕು. ಪರೀಕ್ಷೆ ಬೆಳಿಗ್ಗೆ ಆಗಬೇಕು, ಬೇರೆ ಬೇರೆ ದಿನ ಎರಡು ಸಲವಾದರೂ ಆಗಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ 300 ನ್ಯಾನೊಗ್ರಾಂಗಿಂತ ಕಡಿಮೆ ಎಂದು ಎರಡೂ ಸಲ ಬಂದು, ಮೈಯಲ್ಲೂ ಲಕ್ಷಣವಿದ್ದರೆ ಮಾತ್ರ ಮುಂದಿನ ಮಾತು.

ಮೌದ್ಗಲರ ದೊಡ್ಡ ಪ್ರಶ್ನೆ ಬೇರೆ ಇತ್ತು. ಗಂಡಸಿಗೆ ಒಂದು ಗರ್ಭನಿರೋಧಕ ಕೊಡಬಹುದೇ, ಗಂಡಸುತನಕ್ಕೆ ಕೈ ಹಾಕದೆ? ಎಲ್‌ಎಚ್ ಬೀಜದಲ್ಲಿ ಟೆಸ್ಟೋಸ್ಟಿರಾನ್ ಮಾಡಿಸುತ್ತದೆ, ಎಫ್‌ಎಸ್‌ಎಚ್ ವೀರ್ಯಾಣು ಪೋಷಿಸುವ ಕೋಶಗಳ ಕಡೆ ಹೋಗುತ್ತದೆ. ಎಫ್‌ಎಸ್‌ಎಚ್ ಒಂದನ್ನೇ ತಡೆದರೆ? ಕುರಿಯ ಎಫ್‌ಎಸ್‌ಎಚ್ ಅನ್ನೇ ಲಸಿಕೆಯಾಗಿ ಗಂಡು ಕೋತಿಗಳಿಗೆ ಹಾಕಿದರು. ಕೋತಿಯ ಮೈ ಅದರ ಎದುರು ಪ್ರತಿಕಾಯ ಬೆಳೆಸಿತು, ತನ್ನ ಸ್ವಂತ ಎಫ್‌ಎಸ್‌ಎಚ್ ಕೂಡ ಕಟ್ಟುಬಿತ್ತು. ವೀರ್ಯಾಣು ಇಳಿದವು, ಹೆಣ್ಣುಗಳ ಜೊತೆ ಬಿಟ್ಟರೂ ಗರ್ಭ ನಿಲ್ಲಲಿಲ್ಲ, ಟೆಸ್ಟೋಸ್ಟಿರಾನ್ ಮಾತ್ರ ಹಾಗೇ ಇತ್ತು. ಆ ದೀರ್ಘ ಪ್ರಯೋಗದ ವರದಿ 1992ರಲ್ಲಿ ಬಂತು. 1997ರಲ್ಲಿ ಐವರು ಗಂಡಸರ ಮೇಲೆ ನಡೆಸಿದ ಚಿಕ್ಕ ಪರೀಕ್ಷೆಯ ಫಲ ಪ್ರಕಟವಾಯಿತು. ಅಲ್ಲಿಯೂ ಟೆಸ್ಟೋಸ್ಟಿರಾನ್ ಅಲುಗಲಿಲ್ಲ.

ಅದೇ 1997ರಲ್ಲಿ ಫಿನ್ಲೆಂಡಿನಿಂದ ಒಂದು ಸುದ್ದಿ ಬಂತು. ಹುಟ್ಟಿನಿಂದಲೇ ಎಫ್‌ಎಸ್‌ಎಚ್ ಕೆಲಸ ಮಾಡದ ಐವರು ಗಂಡಸರಿದ್ದರು. ವೀರ್ಯಾಣು ಕಡಿಮೆಯಿದ್ದರೂ ಪೂರ್ತಿ ಇಲ್ಲದವರು ಅವರಲ್ಲಿ ಒಬ್ಬರೂ ಇರಲಿಲ್ಲ, ಇಬ್ಬರಿಗೆ ಮಕ್ಕಳೂ ಆಗಿದ್ದವು. ಎಫ್‌ಎಸ್‌ಎಚ್ ಒಂದನ್ನು ತಡೆದರೆ ಸಾಲದು ಎಂದಾಯಿತು. ಬೆಂಗಳೂರಿನ ಲಸಿಕೆ ಔಷಧ ಅಂಗಡಿಗೆ ಬರಲೇ ಇಲ್ಲ. ಆದರೂ ಆ ಕೋತಿಗಳ ಮನೆಯಲ್ಲಿ ನಡೆದ ಕೆಲಸ ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಗಂಡಸುತನ ಒಂದು, ಸಂತಾನಶಕ್ತಿ ಇನ್ನೊಂದು, ಒಂದನ್ನು ಮುಟ್ಟದೆ ಇನ್ನೊಂದನ್ನು ಕುಗ್ಗಿಸಬಹುದು ಎಂದು ಇಷ್ಟು ನಿಚ್ಚಳವಾಗಿ ತೋರಿಸಿದವರು ಕಡಿಮೆ. ಟೆಸ್ಟೋಸ್ಟಿರಾನ್ ಚಿಕಿತ್ಸೆಗೆ ಹೋಗುವ ಪ್ರತಿಯೊಬ್ಬ ಗಂಡಸೂ ಮೊದಲು ಅರಿಯಬೇಕಾದದ್ದು ಇದನ್ನೇ.

ಯಾಕೆಂದರೆ ಚಿಕಿತ್ಸೆಯಲ್ಲಿ ಆಗುವುದು ಮೌದ್ಗಲರು ಬಯಸಿದ್ದರ ಇನ್ನೊಂದು ಮಗ್ಗುಲು. ಬೀಜದ ಒಳಗಿನ ಟೆಸ್ಟೋಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಐವತ್ತರಿಂದ ನೂರು ಪಟ್ಟು ಗಾಢ. ಅಷ್ಟಿದ್ದರೇ ವೀರ್ಯಾಣು ಹುಟ್ಟುವುದು. ಹೊರಗಿನಿಂದ ಇಂಜೆಕ್ಷನ್ ಕೊಟ್ಟರೆ ರಕ್ತದ ಮಟ್ಟ ಏರುತ್ತದೆ, ಅದನ್ನು ಕಂಡ ಪಿಟ್ಯೂಟರಿ ತನ್ನ ಎರಡೂ ಹಾರ್ಮೋನು ನಿಲ್ಲಿಸುತ್ತದೆ. ಹೇಮಾವತಿ ನಾಲೆಯ ನೀರು ಬಂದು ಕೆರೆ ತುಂಬಿತೆಂದು ನೀರುಗಂಟಿ ಊರ ಮೇಲುಗಾಲುವೆಯನ್ನು ಕಟ್ಟಿಬಿಟ್ಟರೆ, ಕೆರೆ ತುಂಬಿದ್ದರೂ ಆ ಕಾಲುವೆಯನ್ನೇ ನಂಬಿದ ಗದ್ದೆ ಒಣಗುತ್ತದಲ್ಲ, ಹಾಗೆ. ರಿಪೋರ್ಟಿನಲ್ಲಿ ಟೆಸ್ಟೋಸ್ಟಿರಾನ್ ಚೆನ್ನಾಗಿದೆ, ಮೈ ಗಟ್ಟಿಯಾಗಿದೆ, ಬೀಜ ಮಾತ್ರ ಸಣ್ಣಗಾಗಿ ವೀರ್ಯಾಣು ಮಾಯವಾಗಿವೆ. ಇದು ಅಪರೂಪದ ಅಡ್ಡಪರಿಣಾಮವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಏಳು ದೇಶಗಳ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಎನಾಂಥೇಟ್ ಕೊಟ್ಟರು, ಗರ್ಭನಿರೋಧಕವಾಗಿಯೇ. 157 ಮಂದಿಯಲ್ಲಿ ವೀರ್ಯಾಣು ಪೂರ್ತಿ ನಿಂತವು.

ಅಂಥ ಇಂಜೆಕ್ಷನ್ನನ್ನೇ ಮಕ್ಕಳಾಗಲಿ ಎಂದು ಚುಚ್ಚಿಸಿಕೊಳ್ಳುವವರಿದ್ದಾರೆ. ‘ವೀಕ್‌ನೆಸ್ ಐತೆ ಸಾರ್, ಮದ್ವೆಯಾಗಿ ಮೂರು ವರ್ಷ ಆಯ್ತು, ಒಂದು ಶಕ್ತಿ ಇಂಜೆಕ್ಷನ್ ಕೊಡಿ’ ಎಂದು ಕೇಳುವವನಿಗೆ ಶಕ್ತಿಯೂ ಸಂತಾನವೂ ಒಂದೇ. ಕೇಳಿದವನದು ತಪ್ಪಲ್ಲ. ಜಿಮ್ಮಿನಲ್ಲಿ ಮೈ ಕಟ್ಟಲು ಕದ್ದು ಚುಚ್ಚಿಕೊಳ್ಳುವ ಹುಡುಗರಿಗೂ ಇದನ್ನು ಯಾರೂ ಹೇಳಿರುವುದಿಲ್ಲ.

ಪಿಟ್ಯೂಟರಿ ಸೋತು ಟೆಸ್ಟೋಸ್ಟಿರಾನ್ ಕಡಿಮೆಯಾದವನಿಗೆ ಮಗು ಬೇಕಿದ್ದರೆ ದಾರಿಯಿದೆ. ಬಸುರಿಯರ ಮೂತ್ರದಿಂದ ತೆಗೆಯುವ ಎಚ್‌ಸಿಜಿ ಎಲ್‌ಎಚ್‌ನ ಕೆಲಸ ಮಾಡುತ್ತದೆ. ವಾರಕ್ಕೆ ಎರಡು ಮೂರು ಸಲ ಅದು, ಬೇಕಾದರೆ ಜೊತೆಗೆ ಎಫ್‌ಎಸ್‌ಎಚ್. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮೀರಿ. ಹುಟ್ಟಿನಿಂದ ವಾಸನೆ ತಿಳಿಯದ, ವಯಸ್ಸಿಗೆ ಬರದ ಕಾಲ್‌ಮನ್ ಸಿಂಡ್ರೋಮಿನ ಹುಡುಗರು ಕೂಡ ಇದರಿಂದ ತಂದೆಯಾಗಿದ್ದಾರೆ. ಮಕ್ಕಳಾದ ಮೇಲೆ ಟೆಸ್ಟೋಸ್ಟಿರಾನಿಗೆ ಬದಲಾಯಿಸಿದರೆ ಖರ್ಚೂ ಚುಚ್ಚುವುದೂ ಕಡಿಮೆ.

ಹೊಸ ಶತಮಾನದಲ್ಲಿ ಚಿಕಿತ್ಸೆ ಸುಲಭವಾಯಿತು. 2000ದಲ್ಲಿ ಅಮೆರಿಕದಲ್ಲಿ ಚರ್ಮಕ್ಕೆ ಹಚ್ಚುವ ಜೆಲ್ ಬಂತು, ಅದರ ಹಿಂದೆ ಹತ್ತು ಹನ್ನೆರಡು ವಾರಕ್ಕೊಮ್ಮೆಯ ಇಂಜೆಕ್ಷನ್. ‘ನಿಮಗೆ ಟೆಸ್ಟೋಸ್ಟಿರಾನ್ ಕಡಿಮೆಯೇ?’ ಎಂಬ ಜಾಹೀರಾತು ಟಿವಿ ತುಂಬಿತು. ಕಾಯಿಲೆಯಿಲ್ಲದೆ ಬರೀ ವಯಸ್ಸಾದವರೂ ಹಚ್ಚಿಕೊಳ್ಳತೊಡಗಿದಾಗ, 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಬೀಜ, ಪಿಟ್ಯೂಟರಿ ಅಥವಾ ಮಿದುಳಿನ ಗೊತ್ತಾದ ದೋಷಕ್ಕೆ ಮಾತ್ರ ಇದು ಎಂದು ಚೀಟಿಯಲ್ಲಿ ಬರೆಸಿದರು. ಹೃದಯಕ್ಕೆ ಅಪಾಯವೇ ಎಂಬ ಪ್ರಶ್ನೆಗೆ 2023ರಲ್ಲಿ ‘ಟ್ರಾವರ್ಸ್’ ಎಂಬ ದೊಡ್ಡ ಪ್ರಯೋಗ ಉತ್ತರ ಕೊಟ್ಟಿತು. 5 ಸಾವಿರಕ್ಕೂ ಹೆಚ್ಚು ಗಂಡಸರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚಾಗಿ ಕಂಡವು. ರಕ್ತ ಗಟ್ಟಿಯಾಗುತ್ತದೆಯೇ ಎಂದು ಆಗಾಗ ನೋಡುತ್ತಿರಬೇಕು, ಪ್ರಾಸ್ಟೇಟನ್ನೂ ನೋಡಬೇಕು.

ನಮ್ಮ ಕಡೆಗೆ ಹೆಚ್ಚು ಹತ್ತಿರದ ಸಂಗತಿ ಸಕ್ಕರೆ ಕಾಯಿಲೆ. 2004ರಲ್ಲಿ ಅಮೆರಿಕದ ಬಫೆಲೊದಲ್ಲಿ ಸಂದೀಪ್ ಧಿಂಡ್ಸಾ, ಪರೇಶ್ ದಂಡೋನಾ ಮತ್ತಿತರರು 103 ಮಂದಿ ಮಧುಮೇಹಿ ಗಂಡಸರನ್ನು ಪರೀಕ್ಷಿಸಿದಾಗ ಮೂರರಲ್ಲೊಬ್ಬರಿಗೆ ಟೆಸ್ಟೋಸ್ಟಿರಾನ್ ಕಡಿಮೆಯಿತ್ತು. ದೋಷ ಬೀಜದಲ್ಲಲ್ಲ, ಮೇಲಿನ ಪಿಟ್ಯೂಟರಿಯ ಕಡೆ. ಹೊಟ್ಟೆ ಬಂದು, ಶುಗರ್ ಏರಿ, ಮಧ್ಯಾಹ್ನವೆಲ್ಲ ತೂಕಡಿಸುವ ಐವತ್ತರ ತೋಟದ ಯಜಮಾನರಿಗೆ ಈ ರಿಪೋರ್ಟ್ ಬಂದರೆ ಇಂಜೆಕ್ಷನ್ನಿಗಿಂತ ಮೊದಲು ತೂಕ ಇಳಿಸುವ ದಾರಿ ಹಿಡಿಯಬೇಕು. ಚೆನ್ನಾಗಿ ತೂಕ ಇಳಿದರೆ ಅದು ತಾನಾಗಿ ಏರುತ್ತದೆ.

ಇಂಜೆಕ್ಷನ್ ನಿಲ್ಲಿಸಿದರೆ ವೀರ್ಯಾಣು ಮರಳಿ ಬರುತ್ತವೆಯೇ? 2006ರಲ್ಲಿ ಪೀಟರ್ ಲ್ಯೂ ಮತ್ತಿತರರು ಜಗತ್ತಿನ 30 ಗರ್ಭನಿರೋಧಕ ಪ್ರಯೋಗಗಳ ಸಾವಿರದೈನೂರಕ್ಕೂ ಹೆಚ್ಚು ಗಂಡಸರ ಲೆಕ್ಕ ಒಟ್ಟುಗೂಡಿಸಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಆರು ತಿಂಗಳಲ್ಲಿ ನೂರಕ್ಕೆ 67 ಮಂದಿಗೆ, ವರ್ಷದೊಳಗೆ 90 ಮಂದಿಗೆ, ಎರಡು ವರ್ಷದೊಳಗೆ ಎಲ್ಲರಿಗೂ ಮರಳಿ ಬಂದವು. ಅವರೆಲ್ಲ ಮೊದಲು ಆರೋಗ್ಯವಾಗಿದ್ದವರು. ಮೊದಲೇ ಬೀಜ ಸೊರಗಿದ್ದು, ಅದರ ಮೇಲೆ ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡವನಿಗೆ ಈ ಲೆಕ್ಕ ಹಿಡಿದು ಭರವಸೆ ಕೊಡಲಾಗುವುದಿಲ್ಲ. ಅವನಿಗೆ ಮೊದಲ ಸೂಜಿಗಿಂತ ಮುಂಚೆಯೇ ‘ಮಕ್ಕಳು ಬೇಕೇನಪ್ಪಾ?’ ಎಂದು ಕೇಳಬೇಕು, ಬೇಕೆಂದರೆ ವೀರ್ಯ ಪರೀಕ್ಷೆ ಮಾಡಿಸಿ ಹಾರ್ಮೋನು ತಜ್ಞರ ಹತ್ತಿರ ಕಳಿಸಬೇಕು.